ಕೋಡು ನೋಡಬೇಡಿ, ನಡಿಗೆ ನೋಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಕ್ರೀಡೆ ಮತ್ತು ವ್ಯಕ್ತಿತ್ವ ವಿಕಾಸ’. ವಿಷಯ ದೊಡ್ಡದು. ಅದರ ಮೇಲೆ ನಾನೇ ಹತ್ತಾರು ಸಲ ಮಾತನಾಡಿದ್ದೇನೆ, ಕೇಳಿದವರು ಮರೆತಿದ್ದಾರೆ, ನಾನೂ ಮರೆತಿದ್ದೇನೆ. ಇವತ್ತು ಅದನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆಯ ಬಗ್ಗೆ ಮಾತನಾಡಲು ಅನುಮತಿ ಕೇಳುತ್ತೇನೆ. ಆ ಪ್ರಶ್ನೆಯನ್ನು ಕಳೆದ ತಿಂಗಳು ಒಬ್ಬ ತಂದೆ ನಮ್ಮ ಮನೆಗೆ ಬಂದು ಕೇಳಿದರು.

ಅವರು ಖಾನಾಪುರ ತಾಲೂಕಿನ ರೈತರು. ಜೊತೆಯಲ್ಲಿ ಮಗನಿದ್ದ. ಹತ್ತೊಂಬತ್ತು ವರ್ಷ, ಬೆಳಗಾವಿಯಲ್ಲಿ ಬಿ.ಕಾಂ. ಎರಡನೆಯ ವರ್ಷ. ನಮ್ಮ ಮನೆಯ ಬಾಗಿಲಲ್ಲಿ ತಲೆ ಬಾಗಿಸಿಯೇ ಒಳಗೆ ಬಂದ. ಎತ್ತರ ಆರು ಅಡಿ ಆರು ಇಂಚು. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಸೆಂಟರ್ ಆಡುತ್ತಾನೆ. ಯಾರೋ ಒಬ್ಬರು ಅವನನ್ನು ನೋಡಿ, ಕಾಲೇಜು ಬಿಡಿಸಿ ದೊಡ್ಡ ಊರಿನ ತರಬೇತಿ ಕೇಂದ್ರಕ್ಕೆ ಸೇರಿಸಿರಿ, ಎರಡು ವರ್ಷದಲ್ಲಿ ವಿದೇಶದ ತಂಡದಲ್ಲಿ ಆಡುತ್ತಾನೆ ಎಂದು ಹೇಳಿದ್ದರು. ಖರ್ಚಿನ ಲೆಕ್ಕವನ್ನೂ ಬರೆದು ಕೊಟ್ಟಿದ್ದರು. ತಂದೆ ಆ ಚೀಟಿಯನ್ನು ಅಂಗಿಯ ಕಿಸೆಯಿಂದ ತೆಗೆದು ನನ್ನ ಮುಂದೆ ಇಟ್ಟರು.

“ಸರ್ರ, ನಮಗ ಆಟ ತಿಳಿಯೂದಿಲ್ಲ. ನಿಮಗ ತಿಳೀತೈತಿ. ಇಂವಾ ಆಟದಾಗ ಉದ್ಧಾರ ಆಗ್ತಾನೋ ಇಲ್ಲೋ, ಒಂದ ಮಾತ ಹೇಳ್ರಿ. ಹೂಂ ಅಂದ್ರ ಇಪ್ಪತ್ತ ಗುಂಟೆ ಗದ್ದಿ ಮಾರತೇನಿ.”

ಮೂವತ್ತು ವರ್ಷ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿದವನು ನಾನು. ತಂಡಗಳನ್ನು ಆಯ್ಕೆ ಮಾಡಿದ್ದೇನೆ, ಬಿಟ್ಟಿದ್ದೇನೆ. ಆದರೂ ಆ ಒಂದು ಮಾತು ಬಾಯಿಂದ ಹೊರಡಲಿಲ್ಲ. ಒಂದು ತಿಂಗಳು ಸಮಯ ಕೊಡಿರಿ, ಅವನ ಮೂರು ಪಂದ್ಯ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದೆ. ಅವರಿಗೆ ನಿರಾಸೆಯಾಯಿತು. ಆದರೆ ಇಂಥದೇ ಪ್ರಶ್ನೆಗೆ ಹಿಂದೊಮ್ಮೆ ನಾನು ಐದು ನಿಮಿಷದಲ್ಲಿ ಉತ್ತರ ಕೊಟ್ಟಿದ್ದೆ. ಅದರ ಕಥೆಯನ್ನು ಮೊದಲು ಹೇಳಬೇಕು.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಪ್ರವೇಶದ ಸಾಲಿನಲ್ಲಿ ಒಬ್ಬ ಹುಡುಗ ಎಲ್ಲರಿಗಿಂತ ಒಂದು ತಲೆ ಮೇಲೆ ಕಂಡ. ಆರು ಅಡಿ ಐದು ಇಂಚು. ಅವನು ಅಲ್ಲಿಯವರೆಗೆ ಬಾಸ್ಕೆಟ್‌ಬಾಲ್ ಚೆಂಡು ಮುಟ್ಟಿರಲಿಲ್ಲ. ಒಂದೇ ವರ್ಷದಲ್ಲಿ ಅಂತರ ಕಾಲೇಜು ಪಂದ್ಯಗಳಲ್ಲಿ ಅವನದೇ ರಾಜ್ಯ. ಬೋರ್ಡಿಗೆ ತಾಗಿ ಮರಳುವ ಚೆಂಡೆಲ್ಲ ಅವನ ಕೈಗೆ. ಅವನ ಮನೆಗೆ ಹೋಗಿ ತಾಯಿಯ ಮುಂದೆ ಕುಳಿತು ಹೇಳಿದೆ: “ಅವ್ವಾ, ಚಿಂತಿ ಬಿಡ್ರಿ. ಇವನ ನೌಕರಿ ನನ್ನ ಜವಾಬ್ದಾರಿ.” ಶಿಬಿರ ಬಂದಾಗ ಪರೀಕ್ಷೆ ಬಿಟ್ಟ. ಪೇಪರ್ ಮುಂದಿನ ವರ್ಷ ಬರೆದರಾಯಿತು ಎಂದವನು ನಾನೇ. ಮೂರನೆಯ ವರ್ಷ ಒಂದು ಇಲಾಖೆಯ ತಂಡದ ಆಯ್ಕೆಗೆ ಕರೆದುಕೊಂಡು ಹೋದೆ. ಅಲ್ಲಿ ಆರು ಅಡಿ ಏಳು ಇಂಚಿನವರು ಚಿಕ್ಕ ಹುಡುಗರ ಹಾಗೆ ಓಡುತ್ತಿದ್ದರು. ನಮ್ಮ ಹುಡುಗನನ್ನು ಮೊದಲ ದಿನ ಮಧ್ಯಾಹ್ನವೇ ಕಳಿಸಿದರು.

ಅದೇ ವರ್ಷ ಇನ್ನೊಂದು ತಪ್ಪು ಮಾಡಿದೆ. ಒಂದು ಆಯ್ಕೆ ಸಮಿತಿಯಲ್ಲಿ ನಾನಿದ್ದೆ. ಆರು ಅಡಿ ಎರಡು ಇಂಚಿನ ತೆಳ್ಳಗಿನ ಹುಡುಗನೊಬ್ಬ ಬಂದಿದ್ದ. ಎಲ್ಲಿಂದ ಎಸೆದರೂ ಚೆಂಡು ಹಿಡಿಯುತ್ತಿದ್ದ. ಅವನು ನಿಂತಲ್ಲಿಗೇ ಆಟ ಬರುತ್ತಿತ್ತು. ನಾನು ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಎತ್ತರ ಸಾಲದು’ ಎಂದು ಬರೆದೆ. ಉಳಿದಿಬ್ಬರು ಒಪ್ಪಿರಲಿಲ್ಲ, ವಾದ ಮಾಡಿ ಒಪ್ಪಿಸಿದೆ. ಅವನು ಬೇರೆ ಕಡೆಯಿಂದ ಆಡಿದ, ಆಟದ ಮೇಲೆಯೇ ನೌಕರಿ ಹಿಡಿದ, ಹಲವಾರು ವರ್ಷ ಆಡಿದ. ಎದುರಾದಾಗ ಇಂದಿಗೂ ನನಗೆ ನಮಸ್ಕಾರ ಮಾಡುತ್ತಾನೆ. ಆ ನಮಸ್ಕಾರವನ್ನು ಸ್ವೀಕರಿಸಲು ನನಗೆ ಕಷ್ಟವಾಗುತ್ತದೆ.

ಎತ್ತರದ ಹುಡುಗ ನನಗೆ ಬಹಳ ವರ್ಷಗಳ ಮೇಲೆ ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಸಿಕ್ಕ. ಸರಕು ಸಾಗಿಸುವ ಗಾಡಿಯ ಚಾಲಕನಾಗಿದ್ದ. ಚಹಾ ಕುಡಿಸಿದ, ದುಡ್ಡು ನನಗೆ ಕೊಡಗೊಡಲಿಲ್ಲ. ನಾನೇ ಹಳೆಯ ಮಾತು ತೆಗೆದೆ, ನನ್ನಿಂದ ತಪ್ಪಾಯಿತು ಎಂದೆ. ಅವನು ನಕ್ಕು ಹೇಳಿದ: “ಸರ್, ಆಟಾ ಆಡು ಅಂದಿದ್ದು ತಪ್ಪಲ್ರಿ. ಚಲೋ ಆಡಿದ್ವಿ. ಪರೀಕ್ಷಾ ಬಿಡಬ್ಯಾಡ ಅಂತ ಒಂದ ಮಾತ ಹೇಳಿದ್ರ ಸಾಕಾಗತಿತ್ತು.”

ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಯಾಕೆಂದರೆ ಹೇಗೆ ನೋಡಬೇಕು ಎಂಬುದನ್ನು ನಾನು ಹತ್ತು ವರ್ಷದವನಿದ್ದಾಗಲೇ ಕಲಿತಿದ್ದೆ. ನಮ್ಮ ಅಪ್ಪ ಎತ್ತು ಕೊಳ್ಳಲು ದನದ ಸಂತೆಗೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದ. ಮಾರುವವರು ಕೋಡು ಹೆರೆದು, ಎಣ್ಣೆ ಹಚ್ಚಿ, ಬಣ್ಣ ಬಳಿದು ನಿಲ್ಲಿಸಿರುತ್ತಿದ್ದರು. ಅಪ್ಪ ಕೋಡಿನ ಕಡೆ ನೋಡುತ್ತಲೇ ಇರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುವನು, ಅದು ವಯಸ್ಸಿಗೆ. ಗೊರಸು ಎತ್ತಿ ನೋಡುವನು. ಆಮೇಲೆ ‘ನಡೆಸ್ರಿ’ ಎನ್ನುವನು. ಮುಂದೆ ನಡೆಸಿ, ತಿರುಗಿಸಿ, ಹಿಂದಕ್ಕೆ ಸರಿಸಿ ನೋಡುವನು. “ಕೋಡ ನೋಡಿ ರೊಕ್ಕಾ ಕೊಡಬ್ಯಾಡ ತಮ್ಮಾ, ನಡಿಗಿ ನೋಡಿ ಕೊಡು. ಕೋಡ ಹೊಲಾ ಉಳೂದಿಲ್ಲ.” ಬಾಸ್ಕೆಟ್‌ಬಾಲ್‌ನಲ್ಲಿ ಎತ್ತರವೆಂದರೆ ಈ ಕೋಡು. ಎತ್ತರ ಬೇಡವೆಂದು ನಾನು ಹೇಳುತ್ತಿಲ್ಲ. ರಿಂಗ್ ಇರುವುದು ನೆಲದಿಂದ ಹತ್ತು ಅಡಿ ಮೇಲೆ, ಎತ್ತರವಿದ್ದವನಿಗೆ ಅದು ಹತ್ತಿರ. ಆದರೆ ಎತ್ತರದಿಂದ ಬಾಗಿಲವರೆಗೆ ಹೋಗಬಹುದು. ಒಳಗೆ ಹೋದ ಮೇಲೆ ಅಲ್ಲಿರುವವರೆಲ್ಲ ಎತ್ತರದವರೇ.

ಈಗ ನಾನು ಏನೇನು ನೋಡುತ್ತೇನೆ ಎಂಬುದನ್ನು ಹೇಳುತ್ತೇನೆ. ಆಟದ ಶಿಕ್ಷಕರು ಇಲ್ಲಿ ಬಹಳ ಜನ ಇದ್ದೀರಿ, ಕಬಡ್ಡಿ ಮತ್ತು ವಾಲಿಬಾಲ್‌ಗೂ ಹೊಂದಿಸಿಕೊಳ್ಳಬಹುದು.

ಮೊದಲನೆಯದು ಹಲ್ಲು, ಅಂದರೆ ವಯಸ್ಸು ಮತ್ತು ಎದುರಾಳಿ. ಹದಿನೆಂಟು ವರ್ಷದವನು ಪಂದ್ಯಕ್ಕೆ ಇಪ್ಪತ್ತು ಅಂಕ ಗಳಿಸುವುದಕ್ಕೂ ಇಪ್ಪತ್ಮೂರರವನು ಗಳಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಯಾರ ಎದುರು ಗಳಿಸಿದ ಎಂದೂ ಕೇಳಬೇಕು. ನಮ್ಮ ಕಾಲೇಜು ಪಂದ್ಯಗಳಲ್ಲಿ ಎದುರು ತಂಡದ ಅತಿ ಎತ್ತರದ ಹುಡುಗ ಆರು ಅಡಿ ಇದ್ದರೆ ಹೆಚ್ಚು. ಅವನ ತಲೆಯ ಮೇಲಿಂದ ಚೆಂಡು ಹಾಕಿದ್ದನ್ನು ಅಂಕಪಟ್ಟಿ ತೋರಿಸುತ್ತದೆ, ತಲೆ ಎಷ್ಟು ಕೆಳಗಿತ್ತು ಎಂಬುದನ್ನು ತೋರಿಸುವುದಿಲ್ಲ. ಆದ್ದರಿಂದ ಇಡೀ ವರ್ಷದ ಸರಾಸರಿಗಿಂತ, ತನ್ನಷ್ಟೇ ಎತ್ತರದವನು ಎದುರಿಗಿದ್ದ ಒಂದೆರಡು ಪಂದ್ಯಗಳಲ್ಲಿ ಹುಡುಗ ಏನು ಮಾಡಿದ ಎಂದು ನೋಡುತ್ತೇನೆ. ಪಂದ್ಯ ನಲವತ್ತು ನಿಮಿಷದ್ದು. ಅದರಲ್ಲಿ ಇವನು ಎಷ್ಟು ನಿಮಿಷ ಅಂಕಣದಲ್ಲಿದ್ದ, ಐದು ಫೌಲ್ ಮಾಡಿ ಎಷ್ಟು ಬೇಗ ಹೊರಗೆ ಬಂದ, ಅದನ್ನೂ ಬರೆದುಕೊಳ್ಳುತ್ತೇನೆ.

ಎರಡನೆಯದು ಗೊರಸು. ಎತ್ತರದ ದೇಹದ ಭಾರವೆಲ್ಲ ಪಾದ ಮತ್ತು ಮೊಣಕಾಲಿನ ಮೇಲೆ ಬೀಳುತ್ತದೆ. ಅಮೆರಿಕದ ಎನ್‌ಬಿಎ ಲೀಗಿನವರು ಕೋಟ್ಯಂತರ ಡಾಲರ್ ಖರ್ಚು ಮಾಡಿ ಆಟಗಾರರನ್ನು ಆರಿಸುತ್ತಾರೆ. ಅವರೂ ಇಲ್ಲಿ ಎಡವಿದ್ದಾರೆ. 1984ರ ಆಯ್ಕೆಯಲ್ಲಿ ಪೋರ್ಟ್‌ಲ್ಯಾಂಡ್ ತಂಡ ಎರಡನೆಯ ಸ್ಥಾನದಲ್ಲಿ ಸ್ಯಾಮ್ ಬೋವಿ ಎಂಬ ಏಳಡಿ ಒಂದು ಇಂಚಿನ ಕಾಲೇಜು ಆಟಗಾರನನ್ನು ಆರಿಸಿತು. ಕಾಲಿನ ಮೂಳೆಯ ತೊಂದರೆಯಿಂದ ಕಾಲೇಜಿನಲ್ಲೇ ಅವನು ಎರಡು ಋತು ಕಳೆದುಕೊಂಡಿದ್ದ. ಮುಂದೆಯೂ ಕಾಲು ಮುರಿಯುತ್ತಲೇ ಹೋಯಿತು. ಅವನ ನಂತರ ಮೂರನೆಯವನಾಗಿ ಹೋದವನು ಮೈಕೆಲ್ ಜೋರ್ಡನ್. ಅದೇ ತಂಡ 2007ರಲ್ಲಿ ಮೊದಲ ಆಯ್ಕೆಯಾಗಿ ಗ್ರೆಗ್ ಓಡನ್ ಎಂಬ ಏಳಡಿಯ ಹುಡುಗನನ್ನು ತೆಗೆದುಕೊಂಡಿತು. ಒಂದೇ ವರ್ಷದ ಕಾಲೇಜು ಆಟದಲ್ಲಿ ಎಲ್ಲರ ಕಣ್ಣಿಗೆ ಬಿದ್ದವನು. ಮೊಣಕಾಲು ಕೈಕೊಟ್ಟಿತು, ಇಡೀ ಜೀವನದಲ್ಲಿ ಆಡಿದ್ದು 105 ಲೀಗ್ ಪಂದ್ಯ. ಅವನ ಹಿಂದೆ ಎರಡನೆಯವನಾಗಿ ಹೋದವನು ಕೆವಿನ್ ಡ್ಯುರಾಂಟ್. ಚೀನಾದ ಯಾವೊ ಮಿಂಗ್ ಏಳಡಿ ಆರು ಇಂಚಿನವನು, ಎತ್ತರದ ಜೊತೆಗೆ ಒಳ್ಳೆಯ ಕೈಯೂ ಇತ್ತು. 2002ರಲ್ಲಿ ಮೊದಲ ಆಯ್ಕೆಯಾದ. ಅವನನ್ನೂ ಪಾದದ ಮುರಿತಗಳು ಬಿಡಲಿಲ್ಲ, 2011ರಲ್ಲಿ ಆಟ ನಿಲ್ಲಿಸಿದ. ಆದ್ದರಿಂದ ಹುಡುಗ ಮೊಣಕಾಲು ನೋವು ಎಂದರೆ ‘ಎಣ್ಣೆ ಹಚ್ಚು, ಹೋಗುತ್ತದೆ’ ಎನ್ನಬೇಡಿ. ಒಂದೇ ಜಾಗದಲ್ಲಿ ಎರಡು ಸಲ ನೋವು ಬಂದರೆ ವೈದ್ಯರಿಗೆ ತೋರಿಸಿ, ಕಾಗದ ಇಟ್ಟುಕೊಳ್ಳಿ.

ಮೂರನೆಯದು ನಡಿಗೆ. ಇವತ್ತಿನ ಆಟದಲ್ಲಿ ಇದೇ ಹೆಚ್ಚು ಮುಖ್ಯ. ನನ್ನ ಕಾಲದಲ್ಲಿ ಎತ್ತರದವನು ರಿಂಗಿನ ಕೆಳಗೆ ಗೂಟದ ಹಾಗೆ ನಿಂತರೆ ನಡೆಯುತ್ತಿತ್ತು. ಈಗ ಮೂರು ಅಂಕದ ಗೆರೆ ರಿಂಗಿನಿಂದ 6.75 ಮೀಟರ್ ದೂರ, ಎಲ್ಲರೂ ಅಲ್ಲಿಂದಲೇ ಹೊಡೆಯುತ್ತಾರೆ. ಎದುರಾಳಿಯ ಎತ್ತರದವನು ಅಲ್ಲಿಗೆ ಬಂದು ಗೋಡೆಯಂತೆ ನಿಲ್ಲುತ್ತಾನೆ. ಚೆಂಡು ಹಿಡಿದ ಚಿಕ್ಕ ಆಟಗಾರ ಆ ಗೋಡೆಯ ಮಗ್ಗುಲಿನಿಂದ ನುಗ್ಗುತ್ತಾನೆ. ಅವನ ಹಿಂದೆ ಬಿದ್ದ ನಮ್ಮವನು ಗೋಡೆಗೆ ಸಿಕ್ಕಿಕೊಳ್ಳುತ್ತಾನೆ. ಆಗ ಆ ಚುರುಕು ಹುಡುಗನನ್ನು ತಡೆಯುವ ಕೆಲಸ ನಮ್ಮ ಎತ್ತರದವನ ಮೇಲೆ ಬೀಳುತ್ತದೆ. ಎರಡು ಹೆಜ್ಜೆ ಅಡ್ಡ ಸರಿಯಬೇಕು, ಕಾಲು ದಾಟಬಾರದು, ಕೈ ತಾಗಬಾರದು, ಮರುಕ್ಷಣ ತಿರುಗಿ ರಿಂಗಿನ ಕೆಳಗೆ ಓಡಬೇಕು. ಇದನ್ನು ಮಾಡಲಾಗದಿದ್ದರೆ ಎದುರಾಳಿಗಳು ಹತ್ತು ಸಲವೂ ಅವನ ಮೇಲೆಯೇ ಬರುತ್ತಾರೆ. ಸಿಮ್ ಭುಲ್ಲರ್ ಎಂಬ ಆಟಗಾರನಿದ್ದ. ಕೆನಡಾದಲ್ಲಿ ಹುಟ್ಟಿದ ಪಂಜಾಬಿ ಮನೆತನದವನು, ಏಳಡಿ ಐದು ಇಂಚು. ಅಮೆರಿಕದ ಕಾಲೇಜಿನಲ್ಲಿ ಎರಡು ವರ್ಷ ದೊಡ್ಡ ಹೆಸರು ಮಾಡಿದ. 2014ರ ಆಯ್ಕೆಯಲ್ಲಿ ಯಾರೂ ಅವನ ಹೆಸರು ಕೂಗಲಿಲ್ಲ. 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ತಂಡಕ್ಕೆ ಮೂರು ಪಂದ್ಯ ಆಡಿದ. ಎನ್‌ಬಿಎ ಆಡಿದ ಭಾರತೀಯ ಮೂಲದ ಮೊದಲಿಗ ಎಂಬ ಗೌರವ ಅವನದೇ. ಆದರೆ ಅಷ್ಟು ದೊಡ್ಡ ದೇಹವನ್ನು ಆ ವೇಗಕ್ಕೆ ಓಡಿಸುವುದು ಸುಲಭವಾಗಿರಲಿಲ್ಲ. ಇದಕ್ಕೆ ಎದುರಾಗಿ ನೈಜೀರಿಯಾದ ಹಕೀಂ ಒಲಾಜುವಾನ್ ಇದ್ದಾನೆ. ಹುಡುಗನಿದ್ದಾಗ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡುತ್ತಿದ್ದ, ಬಾಸ್ಕೆಟ್‌ಬಾಲ್ ಹಿಡಿದದ್ದು ಸುಮಾರು ಹದಿನೈದರಲ್ಲಿ. 1984ರಲ್ಲಿ ಬೋವಿಗಿಂತ ಮೊದಲು ಆಯ್ಕೆಯಾದವನು ಇವನೇ. ಆ ಕಾಲಿನ ಚುರುಕು ಅವನನ್ನು ದೊಡ್ಡ ಆಟಗಾರನನ್ನಾಗಿ ಮಾಡಿತು. ನಮ್ಮ ಶಾಲೆಯ ಮಕ್ಕಳು ಖೋ-ಖೋ ಆಡುತ್ತಾರಲ್ಲ, ಅದನ್ನು ಬಿಡಿಸಬೇಡಿ. ಎತ್ತರದ ಹುಡುಗನನ್ನೂ ಖೋ-ಖೋ ಆಡಿಸಿರಿ. ಕಂಬ ಸುತ್ತಿ ತಿರುಗುವ ಆ ಕಾಲು ಮುಂದೆ ಎಲ್ಲ ಆಟಕ್ಕೂ ಬರುತ್ತದೆ.

ನಾಲ್ಕನೆಯದು ಕೈ. ತಲೆಯಿಂದ ಯಾರೂ ಚೆಂಡು ಹಿಡಿಯುವುದಿಲ್ಲ. ಅಳೆಯುವಾಗ ನೆಲದಿಂದ ತಲೆಯವರೆಗೆ ಅಳೆದು ಬಿಡಬೇಡಿ, ಕೈ ಎತ್ತಿ ನಿಲ್ಲಿಸಿ ಬೆರಳಿನ ತುದಿಯವರೆಗೆ ಅಳೆಯಿರಿ. ಆಮೇಲೆ ಓಡುತ್ತಿರುವಾಗ ಚೆಂಡು ಎಸೆದು ನೋಡಿರಿ, ಹಿಡಿಯುತ್ತಾನೋ, ಕೈಗೆ ತಾಗಿ ಬೀಳುತ್ತದೋ. ಇನ್ನೊಂದು ಪರೀಕ್ಷೆ ಫ್ರೀ ಥ್ರೋ. ಬೋರ್ಡಿನಿಂದ 4.6 ಮೀಟರ್ ದೂರದ ಗೆರೆ, ಎದುರಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ, ಎತ್ತರದ ಸಹಾಯ ಅಷ್ಟಾಗಿ ಇಲ್ಲ. ಅಲ್ಲಿ ಚೆಂಡು ಮೆತ್ತಗೆ ಹೋಗುವವನಿಗೆ ದೂರದ ಹೊಡೆತ ಕಲಿಸಬಹುದು. ಅಲ್ಲೇ ಕಲ್ಲು ಎಸೆದ ಹಾಗೆ ಎಸೆಯುವವನಿಗೆ ಕಲಿಸುವುದು ಬಹಳ ಕಷ್ಟ.

ಐದನೆಯದು ಕಣ್ಣು. ಚೆಂಡು ಕೈಗೆ ಬಂದಾಗ ಹುಡುಗ ಎಲ್ಲಿ ನೋಡುತ್ತಾನೆ? ರಿಂಗನ್ನು ಮಾತ್ರವೋ, ತನ್ನ ನಾಲ್ಕು ಜನ ಎಲ್ಲಿದ್ದಾರೆ ಎಂದೂ ನೋಡುತ್ತಾನೋ? ಸರ್ಬಿಯಾದ ನಿಕೋಲಾ ಯೋಕಿಚ್ 2014ರ ಆಯ್ಕೆಯಲ್ಲಿ 41ನೆಯವನು. ಜಿಗಿತ ಹೆಚ್ಚಿಲ್ಲ, ಓಟ ನಿಧಾನ, ಮೈಕಟ್ಟು ನೋಡಿದರೆ ಯಾರೂ ಮೊದಲು ಕರೆಯುತ್ತಿರಲಿಲ್ಲ. ಆದರೆ ಚೆಂಡು ಯಾರಿಗೆ, ಯಾವಾಗ ಕೊಡಬೇಕೆಂದು ಅವನಿಗೆ ಎಲ್ಲರಿಗಿಂತ ಮೊದಲೇ ಕಾಣುತ್ತದೆ. ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ, 2023ರಲ್ಲಿ ಡೆನ್ವರ್ ತಂಡಕ್ಕೆ ಪ್ರಶಸ್ತಿ ತಂದ. ಅವನಿಗಿಂತ ಮೊದಲು ನಲವತ್ತು ಹೆಸರು ಕೂಗಿದ್ದರು. ‘ಎತ್ತರ ಸಾಲದು’ ಎಂದು ಬರೆದ ನನ್ನ ಕೈಬರಹ ನೆನಪಾದಾಗ ಈ ಸಂಗತಿಯಿಂದ ಸ್ವಲ್ಪ ಸಮಾಧಾನ ಮಾಡಿಕೊಳ್ಳುತ್ತೇನೆ.

ಕೊನೆಯದನ್ನು ಒಂದೇ ಪಂದ್ಯದಲ್ಲಿ ನೋಡಲಾಗುವುದಿಲ್ಲ. ಹುಡುಗ ಈ ವರ್ಷ ಎಲ್ಲಿದ್ದಾನೆ, ಮುಂದಿನ ವರ್ಷ ಎಲ್ಲಿರುತ್ತಾನೆ? ಕೆನಡಾದ ಝ್ಯಾಕ್ ಈಡಿ ಏಳಡಿ ನಾಲ್ಕು ಇಂಚಿನವನು. ಹತ್ತನೆಯ ತರಗತಿಯವರೆಗೆ ಐಸ್ ಹಾಕಿ, ಬೇಸ್‌ಬಾಲ್ ಆಡುತ್ತಿದ್ದ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ನಿಂತು ಆಡಿದ, ವರ್ಷದಿಂದ ವರ್ಷಕ್ಕೆ ಸುಧಾರಿಸಿದ. ಕಾಲೇಜಿನ ಅತ್ಯುತ್ತಮ ಆಟಗಾರನೆಂದು ಎರಡು ಸಲ ಎನಿಸಿಕೊಂಡ ಮೇಲೂ, ಇವನ ಕಾಲು ದೊಡ್ಡ ಲೀಗಿಗೆ ಸಾಲದು ಎಂದವರು ಬಹಳ. 2024ರಲ್ಲಿ ಮೆಂಫಿಸ್ ತಂಡ ಒಂಬತ್ತನೆಯವನಾಗಿ ಆರಿಸಿತು, ಮೊದಲ ವರ್ಷವೇ ಹೊಸಬರಲ್ಲಿ ಮುಂಚೂಣಿಯ ಐವರಲ್ಲಿ ಒಬ್ಬನಾದ. ಒಂದು ವರ್ಷ ಬೆಂಚಿನ ಮೇಲೆ ಕೂರಿಸಿದರೆ ಹುಡುಗ ಮುನಿಸಿಕೊಂಡು ಮನೆಗೆ ಹೋಗುತ್ತಾನೋ, ಮರುದಿನ ಮುಂಜಾನೆ ಅಂಕಣಕ್ಕೆ ಬರುತ್ತಾನೋ, ಇದು ನನ್ನ ಟಿಪ್ಪಣಿ ಪುಸ್ತಕದ ಕೊನೆಯ ಸಾಲು.

ಇನ್ನು ‘ಉದ್ಧಾರ’ ಎಂದರೆ ಏನು ಎಂಬ ಮಾತು. ವಿದೇಶದ ತಂಡ ಎಂದು ಚೀಟಿಯಲ್ಲಿ ಬರೆದಿದ್ದರಲ್ಲ, ಅದರ ಲೆಕ್ಕ ಮಾಡೋಣ. ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ 15 ಜನ. ಇಡೀ ಜಗತ್ತಿಗೆ ಸುಮಾರು 450 ಜಾಗ. ವರ್ಷಕ್ಕೊಮ್ಮೆ ಸುಮಾರು 60 ಹೊಸ ಹೆಸರು ಕೂಗುತ್ತಾರೆ. ನಮ್ಮ ದೇಶದಲ್ಲಿ ಹುಟ್ಟಿ ಬೆಳೆದು ಆ ಪಟ್ಟಿ ಸೇರಿದ ಮೊದಲ ಹುಡುಗ ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋ ಕೆ ಎಂಬ ಚಿಕ್ಕ ಹಳ್ಳಿಯ ರೈತರ ಮಗ, ಏಳಡಿ ಎರಡು ಇಂಚು. ಲುಧಿಯಾನದ ಅಕಾಡೆಮಿಯಲ್ಲಿ ಕಲಿತ. 2010ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಫ್ಲಾರಿಡಾಕ್ಕೆ ಹೋದ. ಇಂಗ್ಲಿಷ್ ಬರುತ್ತಿರಲಿಲ್ಲ. 2015ರ ಜೂನ್‌ನಲ್ಲಿ ಡಲ್ಲಾಸ್ ತಂಡ ಅವನನ್ನು 52ನೆಯವನಾಗಿ ಆರಿಸಿತು. ಕಾಲೇಜು ಆಟ ಆಡದೆಯೇ ಅಲ್ಲಿಗೆ ತಲುಪಿದ್ದ. ದೇಶವೇ ಕುಣಿಯಿತು, ಪತ್ರಿಕೆ ಓದಿ ನಾನೂ ಕುಣಿದೆ. ಆಮೇಲೆ ಡಲ್ಲಾಸ್‌ನ ಕೆಳಹಂತದ ತಂಡದಲ್ಲಿ ಕೆಲಕಾಲ ಆಡಿದ. ಮುಖ್ಯ ಲೀಗಿನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2021ರಲ್ಲಿ ಅಮೆರಿಕದ ಪ್ರದರ್ಶನ ಕುಸ್ತಿಗೆ ಸೇರಿದ. ಅವನು ಸೋತ ಎಂದು ನಾನು ಹೇಳುವುದಿಲ್ಲ, ಅವನು ಹತ್ತಿದಷ್ಟು ಎತ್ತರ ನಮ್ಮಲ್ಲಿ ಯಾರೂ ಹತ್ತಿಲ್ಲ. ಆದರೆ ಏಳಡಿ ಎರಡು ಇಂಚು, ಐದು ವರ್ಷ ಅಮೆರಿಕದ ತರಬೇತಿ, ಇಷ್ಟಿದ್ದೂ ಬಾಗಿಲಲ್ಲಿಯೇ ನಿಂತ ಎಂದರೆ, ಆರಡಿ ಆರು ಇಂಚಿಗೆ ಗದ್ದೆ ಮಾರುವ ಮುನ್ನ ಒಂದು ರಾತ್ರಿಯಾದರೂ ಯೋಚಿಸಬೇಕು.

ಹಾಗಾದರೆ ಆಟದಿಂದ ಬದುಕು ಇಲ್ಲವೇ? ಇದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹಾಕಿಯ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರಿದ್ದರು. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಿಂದ ಸೋಲಿಸಿದರು. ಆದ್ದರಿಂದ ಎತ್ತರದ ಹುಡುಗಿ ಕಂಡರೆ ‘ಇವಳಿಗೆ ವರ ಎಲ್ಲಿ ಹುಡುಕೋದು’ ಎನ್ನುವ ಮಾತು ಬಿಟ್ಟು ಅವಳ ಕೈಗೂ ಚೆಂಡು ಕೊಡಿರಿ. ನಮ್ಮಲ್ಲಿ ಬಾಸ್ಕೆಟ್‌ಬಾಲ್ ಆಟಗಾರನಿಗೆ ವೃತ್ತಿ ಎಂದರೆ ಬಹುಕಾಲ ರೈಲ್ವೆ, ಸೇನೆ, ಬ್ಯಾಂಕು, ಆದಾಯ ತೆರಿಗೆ ಇಲಾಖೆ. ಸಂಜೆ ಆಟ, ಹಗಲು ಕೆಲಸ, ತಿಂಗಳಿಗೆ ಸಂಬಳ. ಅಲ್ಲಿ ಆಡಿದವರು ಮನೆ ಕಟ್ಟಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಆದರೆ ಅದಕ್ಕೂ ಪ್ರಮಾಣಪತ್ರ ಬೇಕು, ಜೊತೆಗೆ ಓದಿನ ಅಂಕಪಟ್ಟಿಯನ್ನೂ ಕೇಳುತ್ತಾರೆ. ಆ ಬಾಗಿಲುಗಳೂ ಸದಾ ತೆರೆದಿರುತ್ತವೆ ಎಂದು ನಂಬಬೇಡಿ. ನಮ್ಮ ಕಾಲದ ಹುಡುಗರೆಲ್ಲ ಕನಸು ಕಾಣುತ್ತಿದ್ದದ್ದು ವಿಜಯಾ ಬ್ಯಾಂಕಿನ ತಂಡದ ಅಂಗಿಯನ್ನು. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು, ಆ ಹೆಸರೇ ಹೋಯಿತು. ಕಾಲೇಜಿನ ಪದವಿಗೆ ಹಾಗಾಗುವುದಿಲ್ಲ, ಅದು ನಿಮ್ಮ ಹೆಸರಿನಲ್ಲಿಯೇ ಉಳಿಯುತ್ತದೆ.

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಮಾತು ಕೊಟ್ಟಂತೆ ಮೂರು ಪಂದ್ಯ ನೋಡಿದೆ. ಎರಡಕ್ಕೆ ಹೇಳಿಯೇ ಹೋಗಿದ್ದೆ, ಒಂದಕ್ಕೆ ಹೇಳದೆ ಹೋಗಿ ಹಿಂದೆ ಕುಳಿತೆ. ಕಾಲು ಚೆನ್ನಾಗಿದೆ. ಅಷ್ಟು ಎತ್ತರಕ್ಕೆ ಅಡ್ಡ ಹೆಜ್ಜೆ ಅಷ್ಟು ಹಗುರವಾಗಿ ಬರುವುದನ್ನು ನಾನು ಈ ಭಾಗದಲ್ಲಿ ಕಂಡಿದ್ದು ಕಡಿಮೆ. ಕೈ ಚೆನ್ನಾಗಿಲ್ಲ. ಓಡುವಾಗ ಕೊಟ್ಟ ಪಾಸ್‌ಗಳಲ್ಲಿ ಅರ್ಧ ಬಿಟ್ಟ. ಮೂರು ಪಂದ್ಯ ಸೇರಿ ಹನ್ನೊಂದು ಫ್ರೀ ಥ್ರೋ ಹೊಡೆದ, ಒಳಗೆ ಹೋದದ್ದು ಐದು. ಒಂದು ಪಂದ್ಯದಲ್ಲಿ ಮಾತ್ರ ಅವನಷ್ಟೇ ಎತ್ತರದವನು ಎದುರಿಗಿದ್ದ, ಆ ದಿನ ಇವನು ಎರಡನೆಯ ಅರ್ಧದಲ್ಲಿ ಚೆಂಡನ್ನೇ ಕೇಳಲಿಲ್ಲ. ಮೊಣಕಾಲು ಸರಿಯಿದೆ. ಆಟ ಮುಗಿದ ಮೇಲೆ ಸೋತ ಸಿಟ್ಟಿನಲ್ಲೂ ಚೆಂಡುಗಳನ್ನು ಚೀಲಕ್ಕೆ ತುಂಬಿದವನು ಅವನೇ. ಅದನ್ನೂ ಬರೆದುಕೊಂಡೆ.

ತಂದೆ ಮಗ ಇಬ್ಬರೂ ಬಂದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಗದ್ದೆ ಮಾರಬೇಡಿರಿ ಎಂದೆ. ಬಿ.ಕಾಂ. ಮುಗಿಯಲಿ, ಒಂದು ಪೇಪರೂ ಬಿಡಬಾರದು. ಆಟವೂ ನಡೆಯಲಿ. ಒಂದು ವರ್ಷದಲ್ಲಿ ಎರಡೇ ಎರಡು ಸಂಗತಿ ಸುಧಾರಿಸಬೇಕು, ಹಿಡಿಯುವ ಕೈ ಮತ್ತು ಫ್ರೀ ಥ್ರೋ. ವಿಶ್ವವಿದ್ಯಾಲಯದ ತಂಡಕ್ಕೆ ಹೋಗಿ ದಕ್ಷಿಣ ವಲಯದಲ್ಲಿ ತನ್ನಷ್ಟು ಎತ್ತರದವರ ಎದುರು ಆಡಲಿ. ಮುಂದಿನ ವರ್ಷ ಇದೇ ತಿಂಗಳು ನಾನು ಮತ್ತೆ ಮೂರು ಪಂದ್ಯ ನೋಡುತ್ತೇನೆ. ಸುಧಾರಿಸಿದ್ದರೆ ಎಲ್ಲಿ ಕಳಿಸಬೇಕೆಂದು ಕೂಡಿ ವಿಚಾರ ಮಾಡೋಣ, ಇಲ್ಲದಿದ್ದರೆ ಸಂತೋಷಕ್ಕಾಗಿ ಆಡಲಿ, ಅದೇನು ಕಡಿಮೆಯಲ್ಲ.

ತಂದೆ ಆ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು, ಹರಿಯಲಿಲ್ಲ. ಅವರಿಗೆ ನನ್ನ ಮಾತು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಹುಡುಗ ಇಡೀ ಹೊತ್ತು ಸುಮ್ಮನೆ ಕುಳಿತಿದ್ದ. ಎದ್ದು ಹೋಗುವಾಗ ಬಾಗಿಲಲ್ಲಿ ತಲೆ ಬಾಗಿಸಿ, ಅಲ್ಲಿಯೇ ನಿಂತು ಕೇಳಿದ: “ಸರ್, ದಿನಾ ಎಷ್ಟ ಫ್ರೀ ಥ್ರೋ ಹಾಕಬೇಕ್ರಿ?” ಇನ್ನೂರು ಎಂದೆ. “ನಾಳಿಂದನಾ?” ಎಂದ. ಇವತ್ತು ಸಂಜೆಯಿಂದ ಎಂದೆ.

ಅವನು ಏನಾಗುತ್ತಾನೆ ಎಂದು ನನಗೆ ಗೊತ್ತಿಲ್ಲ. ನನ್ನ ಲೆಕ್ಕ ಈ ಸಲವೂ ತಪ್ಪಬಹುದು. ತಪ್ಪಿದರೆ ಅವನಿಗೆ ಒಂದು ವರ್ಷ ತಡವಾಗಬಹುದು ಅಷ್ಟೇ, ಕೈಯಲ್ಲಿ ಪದವಿ ಇರುತ್ತದೆ, ಮನೆಯಲ್ಲಿ ಗದ್ದೆ ಇರುತ್ತದೆ. ಹಿಂದೊಮ್ಮೆ ತಪ್ಪಿದಾಗ ಹುಡುಗನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಶಿಕ್ಷಕ ಬಂಧುಗಳೇ, ಈ ಶಾಲೆ ಐವತ್ತು ವರ್ಷಗಳಿಂದ ನಮ್ಮಂಥವರನ್ನು ನೋಡುತ್ತ ಬಂದಿದೆ. ಎಂಟನೆಯ ತರಗತಿಯಲ್ಲಿ ನಾನು ಗಿಡ್ಡನಿದ್ದೆ, ಓಟದಲ್ಲಿ ಕೊನೆಯವನು. ಆದರೂ ನಮ್ಮ ಗುರುಗಳು ನನ್ನ ಕೈಗೆ ಸೀಟಿ ಕೊಟ್ಟು ಚಿಕ್ಕ ಹುಡುಗರ ಪಂದ್ಯ ನಡೆಸಲು ಹೇಳುತ್ತಿದ್ದರು. ನನ್ನಲ್ಲಿ ಅವರಿಗೆ ಏನು ಕಂಡಿತ್ತೋ, ನಾನು ಕೇಳಲಿಲ್ಲ. ಅದೇ ಸೀಟಿ ಮುಂದೆ ನನ್ನ ಅನ್ನವಾಯಿತು. ನಿಮ್ಮ ಮುಂದೆ ಸಾಲಾಗಿ ನಿಂತ ಮಕ್ಕಳಲ್ಲಿ ಎದ್ದು ಕಾಣುವವನನ್ನು ಎಲ್ಲರೂ ನೋಡುತ್ತಾರೆ. ನೀವು ಅವರೆಲ್ಲರನ್ನೂ ಒಂದು ಸಲ ನಡೆಸಿ ನೋಡಿರಿ, ತಿರುಗಿಸಿ ನೋಡಿರಿ, ಒಂದು ವರ್ಷ ಕಾದು ನೋಡಿರಿ. ಆಮೇಲೆ ಮನೆಯವರಿಗೆ ಮಾತು ಕೊಡಿರಿ.

ಮಕ್ಕಳೇ, ಊಟ ಸಿದ್ಧವಾಗಿದೆ ಎಂದು ಹಿಂದಿನಿಂದ ಕೈ ತೋರಿಸುತ್ತಿದ್ದಾರೆ.